ರೇಷ್ಮೆಯಂಥದ್ದು ಅಂದರೆ ಎಂಥದ್ದು?

ಶಾಂಪೂ ಹಾಕಿ ತೊಳೆದ ಕೂದಲು, ಲೋಷನ್ ಹಚ್ಚಿದ ಮೈ, ಗೋಡೆಗೆ ಬಳಿದ ಬಣ್ಣ, ಬಾಯಲ್ಲಿ ಕರಗುವ ಚಾಕೊಲೇಟು. ಜಾಹೀರಾತು ಬರೆಯುವವರ ಕೈಗೆ ಸಿಕ್ಕರೆ ಎಲ್ಲವೂ ‘ರೇಷ್ಮೆಯಂಥದ್ದು’. ಸಿರಿವಂತಿಕೆಯನ್ನೂ ಮೃದುತನವನ್ನೂ ಒಟ್ಟಿಗೆ ಹೇಳಬೇಕಾದಾಗ ಅವರಿಗೆ ಬೇರೆ ಮಾತೇ ತೋಚುವುದಿಲ್ಲ. ಸೀರೆ ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಮುಟ್ಟಿ ನೋಡುವುದರಲ್ಲೇ ಹೊತ್ತು ಕಳೆಯುವ ನನ್ನಂಥವರಿಗೆ ಮಾತ್ರ ಅದನ್ನು ಓದಿದಾಗಲೆಲ್ಲ ಕೇಳಬೇಕೆನಿಸುತ್ತದೆ: ಯಾವ ರೇಷ್ಮೆ, ಸ್ವಾಮಿ?

ರೇಷ್ಮೆ ಹುಟ್ಟುವಾಗ ಮೆತ್ತಗಿರುವುದೇ ಇಲ್ಲ. ರಾಮನಗರದ್ದೋ ಶಿಡ್ಲಘಟ್ಟದ್ದೋ ಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ. ಕೊಳ್ಳಲು ಬಂದ ರೀಲರು, ಅಂದರೆ ನೂಲು ಬಿಚ್ಚುವವನು, ರಾಶಿಗೆ ಕೈ ಹಾಕಿ ನಾಲ್ಕು ಗೂಡು ಎತ್ತಿ ಅದುಮುತ್ತಾನೆ. ಗಟ್ಟಿಯಾಗಿದ್ದರೆ ಅವನ ಮುಖ ಅರಳುತ್ತದೆ. ಬೆರಳಿಗೆ ಸೋತು ಕುಗ್ಗಿದರೆ ಬೆಲೆಯೂ ಕುಗ್ಗಿತು. ಮೆತ್ತಗಿರುವುದು ಅಲ್ಲಿ ದೋಷ, ಏಕೆಂದರೆ ಅಂಥ ಗೂಡಿನಲ್ಲಿ ನೂಲು ಕಡಿಮೆ. ಬಿಸಿನೀರಿನಲ್ಲಿ ಬಿಚ್ಚಿ ತೆಗೆದ ಕಚ್ಚಾ ನೂಲು ಕೂಡ ಬಿರುಸೇ. ಹುಳು ತನ್ನ ಎಳೆಗೆ ಸವರಿದ ಸೆರಿಸಿನ್ ಎಂಬ ಅಂಟು ಅದರ ಮೇಲೆ ಹಾಗೇ ಕೂತಿರುತ್ತದೆ. ಸೋಪು, ಸೋಡಾ ಹಾಕಿ ಕುದಿಸಿ ಆ ಅಂಟನ್ನು ಬಿಡಿಸಬೇಕು. ಹೆಚ್ಚುಕಡಿಮೆ ಕಾಲು ಭಾಗ ತೂಕ ಆ ನೀರಿನಲ್ಲೇ ಹೋಗುತ್ತದೆ. ನಾವು ರೇಷ್ಮೆಯ ಗುಣ ಎಂದು ಹೊಗಳುವ ಹೊಳಪು, ನಯ ಎರಡೂ ಮೈದೋರುವುದು ಇಷ್ಟೆಲ್ಲ ಆದ ಮೇಲೆ.

ಅಂಟು ಬಿಟ್ಟರೂ ಎಲ್ಲ ರೇಷ್ಮೆ ಒಂದೇ ಥರ ಆಗುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಮೈಸೂರಿನಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆಯನ್ನು ತೆಗೆದುಕೊಳ್ಳಿ. ಅದರ ನೂಲಿಗೆ ವಿಪರೀತ ಹುರಿ ಕೊಟ್ಟಿರುತ್ತಾರೆ. ನೇಯ್ದ ಬಟ್ಟೆಯನ್ನು ಕುದಿಸಿದಾಗ ಹುರಿಗೊಂಡ ಎಳೆ ಮುದುಡಿಕೊಂಡು ಬಟ್ಟೆಯ ಮೈಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಸುಕ್ಕು ಏಳುತ್ತದೆ. ಹೆಬ್ಬೆರಳು ಆಡಿಸಿದರೆ ಗಾಜಿನಂತೆ ಜಾರುವುದಿಲ್ಲ, ಸಣ್ಣಗೆ ತಡೆಯುತ್ತದೆ. ಅಂದಮೇಲೆ ಮೈಸೂರು ರೇಷ್ಮೆಯನ್ನು ನುಣುಪು ಎನ್ನುವುದು ತಪ್ಪು. ಅದು ಮೃದು, ಮೈಗೆ ಒಲಿದು ಇಳಿಯುವಂಥದ್ದು. ಅಂಗಡಿಯವರು ಇದಕ್ಕೆ ‘ಫಾಲ್ ಚೆನ್ನಾಗಿದೆ’ ಅನ್ನುತ್ತಾರೆ. ಉಟ್ಟವರು ‘ನೆರಿಗೆ ಚೆನ್ನಾಗಿ ಕೂರುತ್ತೆ’ ಅನ್ನುತ್ತಾರೆ. ಅದೇ ಕಂಚಿಯ ಮದುವೆ ಸೀರೆ ನೋಡಿ, ದಪ್ಪ ನೂಲು, ಅಂಚಿನ ತುಂಬ ಜರಿ, ತೂಕ. ನೆರಿಗೆ ಹಿಡಿದರೆ ತಾನೇ ಎದ್ದು ನಿಲ್ಲುತ್ತದೆ. ವೈಭವಕ್ಕೇನೂ ಕೊರತೆಯಿಲ್ಲ, ಮೆತ್ತಗೆ ಮಾತ್ರ ಅಲ್ಲವೇ ಅಲ್ಲ. ಮುಹೂರ್ತ ಮುಗಿದ ಕೂಡಲೇ ಮದುಮಗಳು ಅದನ್ನು ಬದಲಾಯಿಸಲು ಓಡುವುದು ಸುಮ್ಮನೆಯೇ?

ನಿಜ ಹೇಳಬೇಕೆಂದರೆ ಮುಟ್ಟಿದ್ದನ್ನು ಬಣ್ಣಿಸುವ ಕೆಲಸಕ್ಕೆ ಕನ್ನಡದಲ್ಲಿ ಮಾತುಗಳ ಬರವಿಲ್ಲ, ಬಳಸುವವರ ಸೋಮಾರಿತನವಷ್ಟೇ. ನುಣುಪು ಬೆರಳ ತುದಿಯ ಸಂಗತಿ. ಸ್ಯಾಟಿನ್ ನುಣುಪು, ಪಾಲಿಶ್ ಮಾಡಿದ ಕಲ್ಲೂ ನುಣುಪೇ. ಮೆತ್ತಗಿದೆಯೋ ಇಲ್ಲವೋ ಎಂದು ತಿಳಿಯಲು ಅದುಮಿಯೇ ನೋಡಬೇಕು. ನವಿರು ಎಂದರೆ ಎಳೆಯ ತೆಳುವೂ ಬಂತು. ನಗೆಬರಹವನ್ನು ನಾವು ನವಿರು ಹಾಸ್ಯ ಎನ್ನುತ್ತೇವೆಯೇ ಹೊರತು ನುಣುಪು ಹಾಸ್ಯ ಎನ್ನುವುದಿಲ್ಲ. ಕೋಮಲವನ್ನು ಕೂಸಿನ ಪಾದಕ್ಕೂ ಚಿಗುರಿಗೂ ಬಿಟ್ಟುಕೊಟ್ಟಿದ್ದೇವೆ. ‘ಕೋಮಲವಾದ ಸೀರೆ ತೋರಿಸಿ’ ಎಂದರೆ ಚಿಕ್ಕಪೇಟೆಯಲ್ಲಿ ನಕ್ಕುಬಿಟ್ಟಾರು. ಇವುಗಳಲ್ಲಿ ನನಗೆ ಬಲು ಇಷ್ಟದ್ದು ನಯ. ಬಟ್ಟೆಗೂ ಸಲ್ಲುತ್ತದೆ, ನಡತೆಗೂ ಸಲ್ಲುತ್ತದೆ. ಆದರೆ ನಯವಿನಯದ ಪಕ್ಕದಲ್ಲೇ ನಯವಂಚಕನೂ ಕೂತಿರುತ್ತಾನೆ, ಎಚ್ಚರ.

ಮೆತ್ತಗೆ ಎಂಬುದಕ್ಕಂತೂ ಮಾನ ಮರ್ಯಾದೆ ಆಯಾ ಅಡುಗೆಮನೆಗೆ ಬಿಟ್ಟದ್ದು. ಇಡ್ಲಿ ಮೆತ್ತಗಾದರೆ ಹೊಗಳಿಕೆ, ಚಕ್ಕುಲಿ ಮೆತ್ತಗಾದರೆ ಡಬ್ಬಿ ಮುಚ್ಚದವರಿಗೆ ಬೈಗುಳ. ಧಾರವಾಡದ ಕಡೆ ಊಟಕ್ಕೆ ಕೂತವರಿಗೆ ಮೆತ್ತನ್ನ ರೊಟ್ಟಿಯೋ ಖಡಕ್ ರೊಟ್ಟಿಯೋ ಎಂದು ಕೇಳಿಯೇ ಬಡಿಸುತ್ತಾರೆ. ಎರಡಕ್ಕೂ ಅಲ್ಲಿ ಸಮಾನ ಗೌರವ.

ಇನ್ನು ಸುಖವೂ ಮೃದುತನವೂ ಕೂಡಿದ ಮಾತು ಬೇಕಾದರೆ ನಮ್ಮ ಹಿರಿಯರು ವಿಶೇಷಣ ಹುಡುಕಲಿಲ್ಲ, ನೇರ ಹಾಸಿಗೆಯನ್ನೇ ಹಾಸಿಬಿಟ್ಟರು. ಸುಪ್ಪತ್ತಿಗೆ, ಹಂಸತೂಲಿಕಾತಲ್ಪ. ಎರಡನೆಯದು ಹಂಸದ ಗರಿ ತುಂಬಿದ ಹಾಸಿಗೆ. ಅರಮನೆಯ ಕಥೆಗಳಾಚೆ ಅದರ ಮೇಲೆ ಮಲಗಿದವರನ್ನು ನಾನಂತೂ ಕಂಡಿಲ್ಲ. ಸುಪ್ಪತ್ತಿಗೆಯ ಪಾಡು ಇನ್ನೂ ಕನಿಕರದ್ದು. ಪತ್ರಿಕೆಗಳಲ್ಲಿ ‘ಸುಖದ ಸುಪ್ಪತ್ತಿಗೆ’ ಎಂದು ಕಂಡರೆ ಮುಂದಿನ ಸಾಲು ಯಾರನ್ನೋ ಚುಚ್ಚಲಿಕ್ಕೇ ಇರುತ್ತದೆ. ಮಕಮಲ್ಲು ಸಿಂಹಾಸನದ ಮೆತ್ತೆಗೂ ನಾಟಕ ಕಂಪನಿಯ ಪರದೆಗೂ ಒಗ್ಗಿಕೊಂಡ ಪದ, ಮಾತಿಗೆ ಬರುವುದು ಕಡಿಮೆ. ಆಮೇಲೆ, ರೇಷ್ಮೆಯನ್ನೇ ಹಿಡಿದು ಆಡುವ ನಮ್ಮ ಖಾಸಾ ಮಾತೊಂದಿದೆ: ರೇಷ್ಮೆ ಶಾಲಿನಲ್ಲಿ ಚಪ್ಪಲಿ ಸುತ್ತಿ ಹೊಡೆಯುವುದು. ಜಾಹೀರಾತಿನವರು ಇದನ್ನು ಬಳಸುವ ಧೈರ್ಯ ಮಾಡಿಲ್ಲ.

ಈಗ ಅಂಗಡಿಗಳಲ್ಲಿ ‘ಸಾಫ್ಟ್ ಸಿಲ್ಕ್’ ಎಂಬ ಹೆಸರಿನ ಸೀರೆ ಜೋರಾಗಿ ಮಾರಾಟವಾಗುತ್ತಿದೆ. ಸಪೂರ ನೂಲಿನ, ಜರಿ ಕಡಿಮೆಯ, ಹಗುರ ಸೀರೆ. ರೇಷ್ಮೆಯೆಲ್ಲ ಮೆತ್ತಗಲ್ಲ ಎಂಬುದನ್ನು ವ್ಯಾಪಾರಿಗಳೇ ಒಪ್ಪಿಕೊಂಡಂತಾಯಿತು. ತೊಡಕೆಂದರೆ ಪಾಲಿಯೆಸ್ಟರ್ ಕೂಡ ಇದೇ ಹೆಸರು ಹೊತ್ತು ಬರುತ್ತದೆ, ಮುಟ್ಟಿದರೆ ಅಸಲಿಗಿಂತ ಹೆಚ್ಚೇ ಜಾರುತ್ತದೆ. ಆದ್ದರಿಂದ ಮೊದಲು ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಶುದ್ಧ ರೇಷ್ಮೆಯೋ ಅಲ್ಲವೋ ಎಂಬುದಕ್ಕಷ್ಟೇ ಅದು ಸಾಕ್ಷಿ. ಆಮೇಲೆ ಸೆರಗಿನ ಒಂದು ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ ಬಿಡಿ, ಹೆಬ್ಬೆರಳಿನಿಂದ ಸವರಿ ನೋಡಿ. ಮಾರುವವನು ‘ರೇಷ್ಮೆಯಂಥ ಸೀರೆ ಮೇಡಂ’ ಎಂದರೆ ಆ ಸೀರೆಯನ್ನು ಮಡಚಿ ವಾಪಸು ಕೊಟ್ಟುಬಿಡಿ.