ಶಸ್ತ್ರಕ್ರಿಯೆಗೆ ಮುನ್ನ ನಾಲ್ಕು, ಆಮೇಲೆ ಎಂಟು

ಮೂತ್ರದಲ್ಲಿ ರಕ್ತ ಕಂಡರೆ ನಮ್ಮ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರದ ಕಡೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’ ಎಂಬುದು. ಬಾರ್ಲಿ ನೀರು, ಎಳನೀರು ಕುಡಿಸುತ್ತಾರೆ. ರಕ್ತ ತಾನಾಗಿಯೇ ನಿಲ್ಲುತ್ತದೆ, ಎಲ್ಲರೂ ಮರೆಯುತ್ತಾರೆ. ನೋವಿಲ್ಲದೆ ಹೀಗೆ ಬಂದು ಹೋಗುವ ರಕ್ತವೇ ಮೂತ್ರಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು; ಬೀಡಿ, ಸಿಗರೇಟು ಸೇದಿದವರಲ್ಲಂತೂ ಇದನ್ನು ಕಡೆಗಣಿಸಲೇಬಾರದು. ಗಡ್ಡೆ ಮೂತ್ರಕೋಶದ ಸ್ನಾಯುವಿಗೆ ಇಳಿದ ಮೇಲೆ ಕೋಶವನ್ನೇ ತೆಗೆದು, ಕರುಳಿನ ತುಂಡಿನಿಂದ ದಾರಿ ಮಾಡಿ, ಹೊಟ್ಟೆಯ ಮೇಲೆ ಚೀಲ ಕಟ್ಟುವ ದೊಡ್ಡ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಬೇಕಾಗುತ್ತದೆ. ಅಷ್ಟಾದರೂ ಅನೇಕರಲ್ಲಿ ರೋಗ ಮರಳುತ್ತದೆ. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಶಸ್ತ್ರಕ್ರಿಯೆಗೆ ಮೊದಲೇ ಬೇರೆಡೆಗೆ ಹೋಗಿರುವುದೇ ಅದಕ್ಕೆ ಕಾರಣ.

ಆದ್ದರಿಂದಲೇ ಔಷಧಿ ಮೊದಲು, ಕತ್ತರಿ ಆಮೇಲೆ ಎಂಬ ಕ್ರಮ ಬಂತು. ಶಸ್ತ್ರಕ್ರಿಯೆಗೆ ಮುನ್ನ ಕಿಮೋ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು ಅಮೆರಿಕದ ಅಧ್ಯಯನವೊಂದು 2003ರಲ್ಲೇ ತೋರಿಸಿತ್ತು. ಅಂಥ ಕಿಮೋಗೆ ಈಗ ಇಮ್ಯುನೊಥೆರಪಿಯನ್ನೂ, ಅಂದರೆ ದೇಹದ ರಕ್ಷಣಾ ಕಣಗಳನ್ನು ಕ್ಯಾನ್ಸರಿನ ಮೇಲೆ ಎಬ್ಬಿಸುವ ಮದ್ದನ್ನೂ, ಜೋಡಿಸಿ ನೋಡಿದ ದೊಡ್ಡ ಪ್ರಯೋಗ ‘ನಯಾಗರಾ’. 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಇದರಲ್ಲಿ 1,063 ರೋಗಿಗಳಿದ್ದರು. ಎರಡೂ ಗುಂಪಿಗೆ ಜೆಮ್ಸಿಟಾಬಿನ್, ಸಿಸ್‌ಪ್ಲಾಟಿನ್ ಕಿಮೋ ಸಿಕ್ಕಿತು. ಒಂದು ಗುಂಪಿಗೆ ಜೊತೆಯಲ್ಲಿ ದುರ್ವಾಲುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದು ಕೊಟ್ಟರು: ಶಸ್ತ್ರಕ್ರಿಯೆಗೆ ಮುನ್ನ ನಾಲ್ಕು ಸಲ, ಆಮೇಲೆ ಎಂಟು ಸಲ. ಎರಡು ವರ್ಷದ ಹೊತ್ತಿಗೆ ಆ ಗುಂಪಿನಲ್ಲಿ ಶೇ. 82.2 ಮಂದಿ ಬದುಕಿದ್ದರು, ಕಿಮೋ ಮಾತ್ರ ಪಡೆದವರಲ್ಲಿ ಶೇ. 75.2. ನೂರು ಮನೆಗಳಲ್ಲಿ ಏಳು ಮನೆಯ ಯಜಮಾನ ಉಳಿದಂತೆ. ಇದನ್ನು ಸಣ್ಣದೆಂದು ನಾನು ಒಪ್ಪಲಾರೆ. ಔಷಧಿಯ ಭಾರಕ್ಕೆ ರೋಗಿ ಕುಗ್ಗಿ ಶಸ್ತ್ರಕ್ರಿಯೆಯೇ ತಪ್ಪೀತೆಂಬ ಭಯವಿತ್ತು. ಅದೂ ನಿಜವಾಗಲಿಲ್ಲ, ಇಮ್ಯುನೊಥೆರಪಿ ಪಡೆದವರಲ್ಲೇ ಶಸ್ತ್ರಕ್ರಿಯೆ ಮುಟ್ಟಿದವರು ತುಸು ಹೆಚ್ಚು.

ಇನ್ನೊಂದು ಗುಣವನ್ನು ಹೊಗಳಲೇಬೇಕು. ಸಿಸ್‌ಪ್ಲಾಟಿನ್‌ಗೆ ಮೂತ್ರಪಿಂಡ ಗಟ್ಟಿಯಿರಬೇಕು. ಸಾಮಾನ್ಯವಾಗಿ ಹೊರಗಿಡುವಷ್ಟು ಮೂತ್ರಪಿಂಡದ ಶಕ್ತಿ ಕುಂದಿದ್ದವರನ್ನೂ ಈ ಪ್ರಯೋಗ ಸೇರಿಸಿಕೊಂಡು, ಮದ್ದನ್ನು ಎರಡು ದಿನಕ್ಕೆ ಹಂಚಿ ಕೊಟ್ಟಿತು. ವಯಸ್ಸಾದ, ಬಿಪಿ, ಸಕ್ಕರೆ ಇರುವ ನಮ್ಮ ರೋಗಿಗಳು ಆ ಪಟ್ಟಿಯಲ್ಲಿ ಕಾಣುತ್ತಾರೆ. ಮೂತ್ರನಾಳದ ಮೇಲ್ಭಾಗದ ಕ್ಯಾನ್ಸರಿನಲ್ಲಿ ಇದೇ ತರ್ಕ ಇನ್ನೂ ಬಲವಾಗಬೇಕು, ಏಕೆಂದರೆ ಅಲ್ಲಿ ಒಂದು ಮೂತ್ರಪಿಂಡವನ್ನೇ ತೆಗೆದ ಮೇಲೆ ಸಿಸ್‌ಪ್ಲಾಟಿನ್ ತಾಳುವ ಶಕ್ತಿ ಎಷ್ಟೋ ಜನರಿಗೆ ಉಳಿಯುವುದಿಲ್ಲ. ಆದರೆ ನಯಾಗರಾ ಪರೀಕ್ಷಿಸಿದ್ದು ಮೂತ್ರಕೋಶದ ರೋಗವನ್ನಷ್ಟೇ.

ನನ್ನ ತಕರಾರು ಇರುವುದು ಪ್ರಯೋಗದ ರಚನೆಯ ಬಗ್ಗೆ. ಮುಂಚಿನ ನಾಲ್ಕು, ಆಮೇಲಿನ ಎಂಟು, ಎರಡನ್ನೂ ಒಂದೇ ಗಂಟಾಗಿ ಕಟ್ಟಿದ್ದರಿಂದ ಗುಣ ಯಾವುದರಿಂದ ಬಂತೆಂದು ಬಿಡಿಸಿ ಹೇಳುವಂತಿಲ್ಲ. ಗಡ್ಡೆ ಒಳಗಿರುವಾಗಲೇ ದೇಹದ ರಕ್ಷಣಾ ಕಣಗಳಿಗೆ ಶತ್ರುವಿನ ಗುರುತು ಚೆನ್ನಾಗಿ ಸಿಗುತ್ತದೆ ಎಂಬುದು ಈ ಚಿಕಿತ್ಸೆಯ ಮೂಲ ಕಲ್ಪನೆ. ಅದು ಸರಿಯಾದರೆ ಶಸ್ತ್ರಕ್ರಿಯೆಯಲ್ಲಿ ತೆಗೆದ ಕೋಶದಲ್ಲಿ ಕ್ಯಾನ್ಸರಿನ ಸುಳಿವೇ ಸಿಗದವರಿಗೆ ಇನ್ನೂ ಎಂಟು ಸಲ ಏಕೆ? ಈ ಪ್ರಶ್ನೆಯನ್ನು ಪ್ರಯೋಗ ಕೇಳಲೇ ಇಲ್ಲ. ಅದರ ಖರ್ಚು ಹೊತ್ತದ್ದು ಔಷಧಿ ತಯಾರಿಸುವ ಆಸ್ಟ್ರಾಜೆನೆಕಾ; ಮದ್ದು ಕಡಿಮೆ ಮಾಡುವ ಪ್ರಶ್ನೆಯನ್ನು ಕಂಪನಿಯಿಂದ ನಿರೀಕ್ಷಿಸುವುದು ಕಷ್ಟ.

ನಮಗೆ ಮಾತ್ರ ಅದು ಬದುಕಿನ ಪ್ರಶ್ನೆ. 2024ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಸೀಮಾ ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಿಗಳಲ್ಲಿ ದುರ್ವಾಲುಮ್ಯಾಬ್ ಒಂದು. ಒಳ್ಳೆಯ ಹೆಜ್ಜೆ, ಆದರೂ ಹನ್ನೆರಡು ಸಲಕ್ಕೆ ಆಗುವ ಲಕ್ಷಗಟ್ಟಲೆ ವೆಚ್ಚದ ಮುಂದೆ ಆಯುಷ್ಮಾನ್ ಕಾರ್ಡಿನ ವರ್ಷದ ಐದು ಲಕ್ಷ ನಿಲ್ಲುವುದಿಲ್ಲ. ಮುಂಚಿನ ನಾಲ್ಕಕ್ಕೇ ಅಡಿಕೆ ತೋಟ ಮಾರಿದವನು ಆಮೇಲಿನ ಎಂಟಕ್ಕೆ ಏನು ಮಾರಬೇಕು? ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಪ್ರತಿ ಸಲ ಹೋಗಿಬರುವ ಖರ್ಚು, ಜೊತೆಗೆ ಹೋಗುವ ಮಗನ ಕೂಲಿ ಬೇರೆ.

ಊರಿಗೆ ಮರಳಿದ ಮೇಲಿನ ಅಪಾಯದ ಬಗ್ಗೆ ಇನ್ನೂ ಕಡಿಮೆ ಮಾತಾಗಿದೆ. ಕಿಮೋದ ವಾಂತಿ, ಸುಸ್ತು ಎಲ್ಲರಿಗೂ ಗೊತ್ತು. ಇಮ್ಯುನೊಥೆರಪಿಯ ತೊಂದರೆ ತಿಂಗಳುಗಳ ನಂತರವೂ ಬರಬಹುದು: ಥೈರಾಯ್ಡ್ ಕುಸಿತ, ಶ್ವಾಸಕೋಶದ ಉರಿಯೂತ, ನಿಲ್ಲದ ಭೇದಿ. ಆ ಭೇದಿಯನ್ನು ನೀರು ಬದಲಾದದ್ದಕ್ಕೆ ಆಯಿತೆಂದು ಮಾತ್ರೆ ಕೊಟ್ಟು ಕಳಿಸಿದರೆ ಪ್ರಾಣಕ್ಕೇ ಕುತ್ತು. ತೀವ್ರವಾದರೆ ಬೇಕಾಗುವುದು ಸ್ಟೆರಾಯ್ಡ್. ಹೊಳಲ್ಕೆರೆಯ ವೈದ್ಯರ ಕೈಗೆ ಈ ವಿಷಯ ಬರೆದ ಚೀಟಿಯಿಲ್ಲದೆ ರೋಗಿಯನ್ನು ಊರಿಗೆ ಕಳಿಸಬಾರದು.

ಮುಂಬೈನ ಟಾಟಾ ಆಸ್ಪತ್ರೆ ತಲೆ, ಕುತ್ತಿಗೆಯ ಕ್ಯಾನ್ಸರಿನಲ್ಲಿ ಒಂದು ದಾರಿ ತೋರಿದೆ. ವಾಡಿಕೆಯ 240 ಮಿಲಿಗ್ರಾಂ ಬದಲು ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಎಂಬ ಇನ್ನೊಂದು ಇಮ್ಯುನೊಥೆರಪಿ ಮದ್ದನ್ನು ಕಿಮೋಗೆ ಸೇರಿಸಿ, ಒಂದು ವರ್ಷ ಬದುಕುಳಿದವರ ಪ್ರಮಾಣವನ್ನು ಶೇ. 16.3ರಿಂದ 43.4ಕ್ಕೆ ಏರಿಸಿದ ಫಲಿತಾಂಶವನ್ನು ಅದು ಪ್ರಕಟಿಸಿತು. ಸಣ್ಣ ಪ್ರಮಾಣ ಪೂರ್ಣ ಪ್ರಮಾಣಕ್ಕೆ ಸಮವೆಂದು ಅದು ಸಾಧಿಸಿಲ್ಲ, ಮೂತ್ರಕೋಶಕ್ಕೆ ಹಾಗೆಯೇ ಅನ್ವಯಿಸುವುದೂ ಇಲ್ಲ. ಆದರೆ ನಮ್ಮ ಪ್ರಶ್ನೆಯನ್ನು ನಾವೇ ಕೇಳಬಹುದೆಂಬುದಕ್ಕೆ ಸಾಕ್ಷಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಮತ್ತು ನೆಫ್ರೊ-ಯುರಾಲಜಿ ಸಂಸ್ಥೆ ಸೇರಿ, ಮುನ್ನ ನಾಲ್ಕನ್ನೇ ಪಡೆದು ನಿಲ್ಲಿಸಿದವರನ್ನೂ ಹನ್ನೆರಡೂ ಪಡೆದವರನ್ನೂ ಎದುರುಬದುರು ಇಟ್ಟು ನೋಡಬೇಕು; ಅದಕ್ಕೆ ಹಣ ಕೊಡಬೇಕಾದದ್ದು ಸರ್ಕಾರ.