ಹಿಡಿದವರೆಷ್ಟು ಮಂದಿ?

ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್ ಎಂಬ ಎರಡು ದಿನದ ಬೀದಿ ಹಬ್ಬ ಆಗಸ್ಟ್ ಕೊನೆಯ ಸೋಮವಾರ ಮುಗಿಯುತ್ತದೆ. ಕುಣಿದವರು ಮನೆ ಸೇರುವಷ್ಟರಲ್ಲಿ ಸುದ್ದಿಯಲ್ಲಿ ಉಳಿಯುವುದು ಒಂದೇ ಸಂಖ್ಯೆ: ಪೊಲೀಸರು ಹಿಡಿದವರೆಷ್ಟು ಮಂದಿ? 2024ರಲ್ಲಿ 349. ಹಬ್ಬಕ್ಕೆ ಅಂಕ ಕೊಡುವ ಈ ಪದ್ಧತಿಯೇ ನನಗೆ ಸರಿಕಾಣದು.

ಬಂಧನದ ಲೆಕ್ಕ ಪೊಲೀಸರ ದುಡಿಮೆಯನ್ನು ಹೇಳುತ್ತದೆಯೇ ಹೊರತು ಊರಿನ ಅಪರಾಧವನ್ನಲ್ಲ. ದಿನಕ್ಕೆ ಸುಮಾರು 7,000 ಪೊಲೀಸರು ನಿಂತು ಬಂದವರ ಜೇಬು ತಡಕಿದರೆ ಗಾಂಜಾ ಪೊಟ್ಟಣ ಸಿಗದಿದ್ದೀತೇ? ಬಲೆ ಹಿಗ್ಗಿದಷ್ಟೂ ಮೀನು. 2025ರಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳೂ ಬಂದವು. ಬಂಧನ 400 ದಾಟಿತು. ಅದೇ ವರ್ಷ ಚಾಕು ಇರಿತ ಮಾತ್ರ ಎಂಟರಿಂದ ಎರಡಕ್ಕೆ ಇಳಿಯಿತು. ಹಾಗಾದರೆ ಹಬ್ಬ ಕೆಟ್ಟಿತೋ, ಸುಧಾರಿಸಿತೋ? ಅಷ್ಟು ಪೊಲೀಸರನ್ನು ಕಳಿಸಿಕೊಟ್ಟ ಬಡಾವಣೆಗಳಲ್ಲಿ ಆ ಎರಡು ದಿನ ಏನಾಯಿತೆಂಬುದು ಈ ಅಂಕಪಟ್ಟಿಯಲ್ಲಿ ಬರುವುದೇ ಇಲ್ಲ.

ಹಬ್ಬದ ಪರ ವಾದಿಸುವವರ ಭಾಗಾಕಾರವೂ ನನಗೆ ಒಗ್ಗದು. ಹತ್ತು ಲಕ್ಷ ಜನ ಸೇರಿದರೆ 349 ಎಂದರೆ ಹತ್ತು ಸಾವಿರಕ್ಕೆ ಮೂರೋ ನಾಲ್ಕೋ, ಎನ್ನುತ್ತಾರೆ. ಗಣಿತ ಸರಿ. ಆದರೆ 2024ರಲ್ಲಿ ಮಗುವಿನ ಜೊತೆ ಬಂದಿದ್ದ ತಾಯಿಯೊಬ್ಬಳು ಇರಿತಕ್ಕೆ ಬಲಿಯಾದಳು. ಅವಳನ್ನು ಯಾವ ಸಂಖ್ಯೆಯಿಂದ ಭಾಗಿಸುವುದು?

ಇದಕ್ಕಿಂತ ದೊಡ್ಡ ಭಯ ಬೇರೆ ಇದೆ. ಮನೆಗಳ ನಡುವಿನ ಇಕ್ಕಟ್ಟಾದ ಬೀದಿಗಳಲ್ಲಿ ಕಾಲ್ತುಳಿತವಾದೀತು ಎಂದು ಲಂಡನ್ ಪೊಲೀಸ್ ಅಧಿಕಾರಿಗಳೇ ಎಚ್ಚರಿಸಿದ್ದಾರೆ. ಆ ಮಾತಿಗೆ ಬಂಧನದ ಸಂಖ್ಯೆಯಷ್ಟು ಗಿರಾಕಿಗಳಿಲ್ಲ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಯಾರೂ ಚಾಕು ಹಿರಿದಿರಲಿಲ್ಲ, ಆದರೂ 11 ಜನ ಸತ್ತರು.

ಪೊಲೀಸ್ ಬಲ ಹೆಚ್ಚಿದರೆ ಹಬ್ಬ ತಣ್ಣಗಿರುತ್ತದೆ ಎಂಬುದಕ್ಕೂ ನಾಟಿಂಗ್ ಹಿಲ್‌ನ ಇತಿಹಾಸ ಸುಲಭವಾಗಿ ತಲೆಯಾಡಿಸದು. 1976ರಲ್ಲಿ ಹಿಂದಿನ ವರ್ಷಗಳಲ್ಲಿ ಕಾಣದಷ್ಟು, ಸುಮಾರು 3,000 ಪೊಲೀಸರನ್ನು ಇಳಿಸಿದರು. ದೊಡ್ಡ ಗಲಭೆಯಾದದ್ದು ಅದೇ ವರ್ಷ.

ಅದಕ್ಕೂ ಹಿಂದೆ, 1958ರಲ್ಲಿ, ಇದೇ ನಾಟಿಂಗ್ ಹಿಲ್‌ನಲ್ಲಿ ಬಿಳಿಯ ಯುವಕರು ಕೆರಿಬಿಯನ್ ವಲಸಿಗರ ಮೇಲೆ ಬಿದ್ದಿದ್ದರು. ಮರುವರ್ಷದ ಜನವರಿಯಲ್ಲಿ ಪತ್ರಕರ್ತೆ ಕ್ಲಾಡಿಯಾ ಜೋನ್ಸ್ ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲ್‌ನೊಳಗೆ ಒಂದು ಕಾರ್ನಿವಲ್ ನಡೆಸಿದರು. ಇಂದಿನ ಬೀದಿ ಹಬ್ಬದ ಬೇರುಗಳಲ್ಲಿ ಅದೂ ಒಂದು. ಅಲ್ಲಿ ಕೂಡಿದ ಹಣದಲ್ಲಿ ಒಂದು ಪಾಲು ಆ ಗಲಭೆಯಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟಲು ಮೀಸಲಾಗಿತ್ತು. ಕರಿಯರದಷ್ಟೇ ಅಲ್ಲ, ಬಿಳಿಯರದೂ.