ಆರನೆಯ ಕನ್ಯೆಯ ಜಾಗ

ಅಥೆನ್ಸಿನ ಅಕ್ರೋಪೊಲಿಸ್ ಮ್ಯೂಸಿಯಂನ ಮೇಲಂತಸ್ತಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಎರಡು ಬಣ್ಣ. ಪಾರ್ಥೆನಾನ್ ದೇಗುಲವನ್ನು ಸುತ್ತುವರಿದಿದ್ದ 160 ಮೀಟರ್ ಉದ್ದದ ಉಬ್ಬುಶಿಲ್ಪದ ಮೆರವಣಿಗೆಯನ್ನು ಮೊದಲಿದ್ದ ಅನುಕ್ರಮದಲ್ಲೇ ಇಲ್ಲಿ ಜೋಡಿಸಿದ್ದಾರೆ. ಒಂದಷ್ಟು ದೂರ ಜೇನುಬಣ್ಣಕ್ಕೆ ತಿರುಗಿದ ಅಮೃತಶಿಲೆ, ಪಕ್ಕದಲ್ಲೇ ಹಾಲುಬಿಳುಪಿನ ಪ್ಲಾಸ್ಟರಿನ ಪಡಿಯಚ್ಚು. ಬಿಳಿಯದು ನಕಲು, ಅದರ ಅಸಲು ಬಹುಪಾಲು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಪೋಸೈಡನ್ ದೇವರಂತೂ ಒಂದೇ ಮೈಯಲ್ಲಿ ಎರಡು ಬಣ್ಣ ಹೊತ್ತಿದ್ದಾನೆ: ಎದೆಯ ಮುಂಭಾಗ ಕಲ್ಲು, ಭುಜ ಪ್ಲಾಸ್ಟರ್.

ಬ್ರಿಟಿಷ್ ರಾಯಭಾರಿ ಎಲ್ಗಿನ್ ಪ್ರಭುವಿನ ಆಳುಗಳು 1801ರಿಂದ ಈ ಶಿಲ್ಪಗಳನ್ನು ಕಿತ್ತು ಸಾಗಿಸಿದರು. 1816ರಲ್ಲಿ ಬ್ರಿಟಿಷ್ ಸರ್ಕಾರ 35,000 ಪೌಂಡು ಕೊಟ್ಟು ಕೊಂಡಿತು. ಆಟೊಮನ್ ಅಧಿಕಾರಿಗಳ ಅನುಮತಿ ಇತ್ತೆಂಬುದು ಲಂಡನ್ನಿನ ವಾದ. ಗೆದ್ದು ಆಳುತ್ತಿದ್ದವರ ಅಪ್ಪಣೆಯನ್ನು ಊರಿನವರ ಒಪ್ಪಿಗೆ ಎಂದು ನಾನು ಒಪ್ಪಲಾರೆ.

2009ರಲ್ಲಿ ತೆರೆದ ಈ ಕಟ್ಟಡದ ಗೆಲುವು ಇರುವುದು ಅದರ ಸಂಯಮದಲ್ಲಿ. ವಾಸ್ತುಶಿಲ್ಪಿ ಬರ್ನಾರ್ಡ್ ಶುಮಿ ಮೇಲಂತಸ್ತನ್ನು ದೇಗುಲದ ದಿಕ್ಕಿಗೇ ತಿರುಗಿಸಿದ್ದಾರೆ. ಗಾಜಿನಾಚೆ ಗುಡ್ಡದ ಮೇಲೆ ಪಾರ್ಥೆನಾನ್ ಕಾಣುತ್ತದೆ. ಕಳೆದದ್ದು ಎಲ್ಲಿಯದು ಎಂದು ಕೇಳುವ ಪ್ರಮೇಯವೇ ಇಲ್ಲ. ಕೆಳಗಿನ ಅಂತಸ್ತಿನ ಏರೆಕ್ಥಿಯಾನ್ ಗುಡಿಯ ಕಂಬಕನ್ಯೆಯರ ಸಾಲು ಇನ್ನೂ ಆಳವಾಗಿ ತಟ್ಟುತ್ತದೆ. ಆರು ಮಂದಿಯಲ್ಲಿ ಐವರು ಇಲ್ಲಿದ್ದಾರೆ. ಲಂಡನ್ನಿನಲ್ಲಿರುವವಳ ಜಾಗದಲ್ಲಿ ಪಡಿಯಚ್ಚನ್ನೂ ನಿಲ್ಲಿಸಿಲ್ಲ. ಹಿಂದಿನಿಂದ ಅವರ ದಪ್ಪ ಜಡೆಗಳನ್ನು ನೋಡುತ್ತ ಬಂದವರು ಆ ಬರಿದಾದ ಜಾಗದಲ್ಲಿ ತಡೆದು ನಿಲ್ಲಬೇಕು. ಕಳವಿನ ಬಗ್ಗೆ ಜನರಿಗೆ ತಿಳಿವು ಮೂಡಿಸಲು ಇದಕ್ಕಿಂತ ಸಮರ್ಥವಾದ ಫಲಕವನ್ನು ಬರೆಯಲಾಗದು.

ಆದರೆ ಇದೇ ಸಂಸ್ಥೆ ಒಮ್ಮೆ ಎಡವಿತು. ತೆರೆದ ವರ್ಷವೇ ಇಲ್ಲಿ ತೋರಿಸುತ್ತಿದ್ದ, ಕೋಸ್ಟಾ ಗಾವ್ರಾಸ್ ನಿರ್ದೇಶಿಸಿದ ಕಿರುಚಿತ್ರದಲ್ಲಿ ಆದಿ ಕ್ರೈಸ್ತರು ಶಿಲ್ಪಗಳನ್ನು ಒಡೆಯುವ ದೃಶ್ಯವಿತ್ತು. ಚರ್ಚಿನ ಆಕ್ಷೇಪಕ್ಕೆ ಮಣಿದು ಮ್ಯೂಸಿಯಂ ಅದನ್ನು ಕತ್ತರಿಸಿತು. ಪ್ರತಿಭಟನೆ ಎದ್ದ ಮೇಲೆ ಮತ್ತೆ ಸೇರಿಸಿತು. ಹೊರಗಿನವರು ಒಯ್ದದ್ದನ್ನು ಎತ್ತಿ ತೋರಿಸುವವರು ಒಳಗಿನವರು ಕೆಡಿಸಿದ್ದನ್ನು ಮುಚ್ಚಿಟ್ಟರೆ, ನ್ಯಾಯವಾದ ಬೇಡಿಕೆಯನ್ನೂ ಜನ ಅನುಮಾನದಿಂದ ನೋಡುತ್ತಾರೆ. ದೃಶ್ಯ ಮರಳಿದ್ದು ನನಗೆ ಶಿಲ್ಪ ಮರಳಿದಷ್ಟೇ ಮುಖ್ಯ.

ಶಿಲ್ಪಗಳೂ ಒಂದೊಂದಾಗಿ ಬರತೊಡಗಿವೆ. 2023ರಲ್ಲಿ ವ್ಯಾಟಿಕನ್ ಮೂರು ತುಣುಕು ಕೊಟ್ಟಿತು. ಅದಕ್ಕೂ ಹಿಂದಿನ ವರ್ಷ ಸಿಸಿಲಿಯ ಪಾಲೆರ್ಮೊದಿಂದ ಮೊಳಕ್ಕಿಂತ ಚಿಕ್ಕದೊಂದು ಚೂರು ಬಂತು. ಕುಳಿತ ಆರ್ಟೆಮಿಸ್ ದೇವಿಯ ಪಾದ, ಅದರ ಮೇಲೆ ಇಳಿಬಿದ್ದ ಉಡುಪಿನ ನೆರಿಗೆ. ಪೂರ್ವದ ಸಾಲಿನಲ್ಲಿ, ಅದರದೇ ಜಾಗದಲ್ಲಿ, ಅದನ್ನು ಕೂರಿಸಿದ್ದಾರೆ.